ಕರ್ನಲ್ ಪೆನ್ನಿಕ್ವಿಕ್ ಮತ್ತು ಅಣೆಕಟ್ಟಿನ ಲೆಕ್ಕ

ತೇನಿ ಜಿಲ್ಲೆಯ ಬೋಡಿನಾಯಕನೂರಿನಿಂದ ಮೂನಾರಿಗೆ ಹೋಗುವ ಘಾಟಿ ರಸ್ತೆಯನ್ನು ನೀವು ಹತ್ತಿದ್ದೀರಾ? ಹದಿನೇಳು ಕಡಿದಾದ ತಿರುವುಗಳನ್ನು ಸುತ್ತಿ ಬಸ್ಸು ಮೇಲೆ ಬಂದು ಉಸಿರು ಬಿಡುವ ಸ್ಥಳವೇ ಬೋಡಿಮೆಟ್ಟು. ತಮಿಳಿನಲ್ಲಿ ಮೆಟ್ಟು ಎಂದರೆ ಎತ್ತರದ ಜಾಗ. ಕನ್ನಡದಲ್ಲಿ ಅದೇ ಉಚ್ಚಾರದ ಮಾತಿಗೆ ತುಳಿ ಎಂದೂ ಪಾದರಕ್ಷೆ ಎಂದೂ ಅರ್ಥ. ಒಂದು ಭಾಷೆಯಿಂದ ಇನ್ನೊಂದಕ್ಕೆ ಬರುವಷ್ಟರಲ್ಲಿ ಅದೇ ಶಬ್ದ ತಲೆಯಿಂದ ಕಾಲಿಗೆ ಇಳಿಯಿತು ನೋಡಿ!

ಬೋಡಿಮೆಟ್ಟಿನಲ್ಲಿ ನಿಂತು ಪಶ್ಚಿಮಕ್ಕೆ ನೋಡಿದರೆ ಕೇರಳದ ಏಲಕ್ಕಿ ತೋಟಗಳು, ಮಂಜು, ಜಿಟಿಜಿಟಿ ಮಳೆ. ಪೂರ್ವಕ್ಕೆ ತಿರುಗಿದರೆ ಕೆಳಗೆ ಬೋಡಿಯ ಬಯಲು, ಬಿಸಿಲಿಗೆ ಮಿನುಗುವ ಬೆಟ್ಟದ ಬುಡಗಳು. ನೈಋತ್ಯ ಮಾರುತದ ಮೋಡಗಳು ಬೆಟ್ಟದ ಆ ಕಡೆಗೇ ತಮ್ಮ ನೀರನ್ನೆಲ್ಲ ಸುರಿದು, ಈ ಕಡೆಗೆ ಬರುವಾಗ ಹಗುರಾಗಿರುತ್ತವೆ. ಆ ಕಡೆಯ ನೀರನ್ನು ಬೆಟ್ಟ ಕೊರೆದು ಈ ಕಡೆಗೆ ತರಬೇಕು ಎಂಬ ಯೋಚನೆ ಇನ್ನೂರು ವರ್ಷಗಳಿಗೂ ಹಳೆಯದು. ಅದನ್ನು ಮಾಡಿ ತೋರಿಸಿದವರು ಜಾನ್ ಪೆನ್ನಿಕ್ವಿಕ್ ಎಂಬ ಎಂಜಿನಿಯರ್. ಅವರ ಮುಲ್ಲೈಪೆರಿಯಾರ್ ಅಣೆಕಟ್ಟು ಇದೇ ಬೆಟ್ಟಸಾಲಿನಲ್ಲಿ, ಬೋಡಿಮೆಟ್ಟಿನಿಂದ ದಕ್ಷಿಣಕ್ಕೆ ಐವತ್ತು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದೆ. ಇದು ನಕ್ಷೆಯ ಮೇಲೆ ನೇರ ಗೆರೆ ಎಳೆದಾಗ ಬರುವ ದೂರ. ಬಸ್ಸಿನಲ್ಲಿ ಹೋಗುವವರಿಗೆ ಈ ಸಂಖ್ಯೆ ಉಪಯೋಗಕ್ಕೆ ಬಾರದು.

ಕಂಬಂ ಕಣಿವೆಯ ಅನೇಕ ಮನೆಗಳಲ್ಲಿ, ಅಂಗಡಿಗಳಲ್ಲಿ ದೇವರ ಪಟಗಳ ಸಾಲಿನಲ್ಲಿ ಪೆನ್ನಿಕ್ವಿಕ್‌ರ ಚಿತ್ರವಿರುತ್ತದೆ. ಮನೆಯಲ್ಲಿ ಇಂದಿಗೂ ಕನ್ನಡ ಮಾತನಾಡುವ ಕಪ್ಪಿಲಿಯ ಒಕ್ಕಲಿಗರು ಈ ಕಣಿವೆಯಲ್ಲಿದ್ದಾರೆ. ಅವರ ಹೊಲಗಳಿಗೂ ತಮಿಳು ನೆರೆಯವರ ಹೊಲಗಳಿಗೂ ಹರಿಯುವುದು ಒಂದೇ ನೀರು. ಇಷ್ಟು ಪ್ರೀತಿಗೆ ಪಾತ್ರರಾದ ಮನುಷ್ಯನ ಸುತ್ತ ಕಥೆಗಳು ಬೆಳೆಯುವುದು ಸಹಜ. ಕಥೆಗಳ ಜೊತೆಗೆ ಸಂಖ್ಯೆಗಳೂ ಬೆಳೆದಿವೆ: 999 ವರ್ಷ, 142 ಅಡಿ, ಇಷ್ಟು ಲಕ್ಷ ಎಕರೆ, ಇಷ್ಟು ಟಿ.ಎಂ.ಸಿ. ಇವನ್ನು ನಾವು ದಿನವೂ ಕೇಳುತ್ತೇವೆ, ದಿನವೂ ಹೇಳುತ್ತೇವೆ. ಎಲ್ಲಿಂದ ಅಳೆದದ್ದು, ಯಾರು ಎಣಿಸಿದ್ದು ಎಂದು ಕೇಳುವುದಿಲ್ಲ. ಪೆನ್ನಿಕ್ವಿಕ್ ಬದುಕಿದ್ದೇ ಅಳತೆಯ ಮೇಲೆ. ಅವರ ಜೀವನವನ್ನು ಓದುವಾಗಲಾದರೂ ಈ ಪ್ರಶ್ನೆಗಳನ್ನು ಕೇಳುತ್ತ ಹೋಗೋಣ.

ಜಾನ್ ಪೆನ್ನಿಕ್ವಿಕ್ 1841ರ ಜನವರಿ 15ರಂದು ಪುಣೆಯಲ್ಲಿ ಜನಿಸಿದರು. ತಂದೆಯ ಹೆಸರೂ ಜಾನ್. ಅವರು ಸೇನೆಯ ಅಧಿಕಾರಿ. 1849ರ ಜನವರಿ 13ರಂದು ಪಂಜಾಬಿನ ಚಿಲಿಯನ್‌ವಾಲಾದಲ್ಲಿ ಸಿಖ್ಖರಿಗೂ ಬ್ರಿಟಿಷರಿಗೂ ಘೋರ ಯುದ್ಧ ನಡೆಯಿತು. ಆ ಒಂದೇ ದಿನ ತಂದೆಯೂ ಹದಿಹರೆಯದ ಅಣ್ಣ ಅಲೆಕ್ಸಾಂಡರನೂ ರಣರಂಗದಲ್ಲಿ ಮಡಿದರು. ಬಾಲಕ ಜಾನನ ಎಂಟನೆಯ ಹುಟ್ಟುಹಬ್ಬಕ್ಕೆ ಆಗ ಎರಡೇ ದಿನ ಉಳಿದಿತ್ತು.

ಆ ಯುದ್ಧದಲ್ಲಿ ಬ್ರಿಟಿಷರ ಕಡೆ 2,300ಕ್ಕೂ ಹೆಚ್ಚು ಸಾವುನೋವು ಸಂಭವಿಸಿತು ಎಂದು ಇತಿಹಾಸದ ಪುಸ್ತಕಗಳು ಹೇಳುತ್ತವೆ. ಇಲ್ಲಿ ಸ್ವಲ್ಪ ನಿಲ್ಲಿ. ಸಾವುನೋವು ಎಂಬುದು ಎರಡು ಮಾತು ಸೇರಿ ಆದ ಪದ. ಸತ್ತವರೂ ಅದರಲ್ಲಿದ್ದಾರೆ, ಗಾಯಗೊಂಡವರೂ ಇದ್ದಾರೆ. ಗಾಯಗೊಂಡವರೇ ಹೆಚ್ಚು. ಆದರೆ ಅವಸರದಲ್ಲಿ ಓದುವವರು 2,300 ಮಂದಿ ಸತ್ತರು ಎಂದು ಹೇಳಿಬಿಡುತ್ತಾರೆ. ರೈಲು ಅಪಘಾತದ ಸುದ್ದಿಯನ್ನೋ ಭೂಕಂಪದ ಸುದ್ದಿಯನ್ನೋ ಓದುವಾಗಲೂ ಹೀಗೇ ಆಗುತ್ತದೆ. ಕನ್ನಡದ ಪದ ಎಷ್ಟು ಸ್ಪಷ್ಟವಾಗಿದೆ! ಅದನ್ನು ಬಿಡಿಸಿ ಓದುವ ತಾಳ್ಮೆ ನಮಗೆ ಬೇಕು, ಅಷ್ಟೇ. ಇನ್ನೊಂದು ಸಂಗತಿ: ಆ ಯುದ್ಧವನ್ನು ಗೆದ್ದವರು ತಾವೇ ಎಂದು ಎರಡೂ ಕಡೆಯವರು ಹೇಳಿಕೊಂಡರು. ಗೆಲುವು ಎಂಬ ಪದಕ್ಕೂ ಅಳತೆಗೋಲು ಬೇಕಾಗುತ್ತದೆ.

ಜಾನ್ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ ಓದಿದರು. ಬಳಿಕ ಆಡಿಸ್ಕೂಂಬ್‌ನ ಸೈನಿಕ ಶಾಲೆಯಲ್ಲಿ ತರಬೇತಿ ಪಡೆದು 1858ರಲ್ಲಿ ಮದ್ರಾಸ್ ಎಂಜಿನಿಯರ್ ಪಡೆಗೆ ಸೇರಿದರು. 1860ರಲ್ಲಿ ತಾವು ಹುಟ್ಟಿದ ದೇಶಕ್ಕೆ ಮರಳಿ ಬಂದರು. 1868ರಲ್ಲಿ ಅಬಿಸೀನಿಯದ, ಎಂದರೆ ಇಂದಿನ ಇಥಿಯೋಪಿಯದ ದಂಡಯಾತ್ರೆಗೆ ಹೋಗಿ ಬಂದದ್ದನ್ನು ಬಿಟ್ಟರೆ ಅವರ ಸೇವೆಯ ಬಹುಭಾಗ ಕಳೆದದ್ದು ಮದ್ರಾಸ್ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ. 1879ರಲ್ಲಿ ಗ್ರೇಸ್ ಜಾರ್ಜಿಯಾನಾ ಶಾಮಿಯೇ ಎಂಬವರನ್ನು ವಿವಾಹವಾದರು. ಈ ಗ್ರೇಸ್ ಅವರ ಒಡವೆಗಳ ವಿಷಯ ಮುಂದೆ ಬರುತ್ತದೆ.

ಪೆರಿಯಾರ್ ನೀರನ್ನು ತಿರುಗಿಸುವ ಯೋಚನೆ ಪೆನ್ನಿಕ್ವಿಕ್‌ರದಲ್ಲ. 1789ರಲ್ಲಿಯೇ ರಾಮನಾಥಪುರದ ಸೇತುಪತಿ ಅರಸರ ಪ್ರಧಾನಿ ಮುತ್ತು ಇರುಳಪ್ಪ ಪಿಳ್ಳೆಯವರು ಇದನ್ನು ಪರಿಶೀಲಿಸಿ, ಖರ್ಚು ತಮ್ಮ ಶಕ್ತಿಗೆ ಮೀರಿದ್ದೆಂದು ಕೈಬಿಟ್ಟಿದ್ದರು. 1808ರಲ್ಲಿ ಜೇಮ್ಸ್ ಕಾಲ್ಡ್‌ವೆಲ್ ಎಂಬ ಅಧಿಕಾರಿ ಬೆಟ್ಟ ಹತ್ತಿ ನೋಡಿ, ಇದು ಬರಿಯ ಕನಸು, ಮತ್ತೆ ಚರ್ಚಿಸಲೂ ಯೋಗ್ಯವಲ್ಲ ಎಂಬ ಅರ್ಥದ ವರದಿ ಕೊಟ್ಟರು. 1850ರಲ್ಲಿ ಸಣ್ಣ ಮಣ್ಣಿನ ಒಡ್ಡೊಂದನ್ನು ಹಾಕುವ ಕೆಲಸ ಆರಂಭವಾಗಿ, ಕೂಲಿಯವರು ಜ್ವರಕ್ಕೆ ತುತ್ತಾಗಿ ನಿಂತುಹೋಯಿತು. 1860ರ ದಶಕದಲ್ಲಿ ಮೇಜರ್ ರೈವ್ಸ್ ಹೊಸ ಯೋಜನೆ ಬರೆದರು. ಮುಂದಿನ ದಶಕದಲ್ಲಿ ಸ್ಮಿತ್ ಎಂಬವರು ಅದನ್ನು ತಿದ್ದಿದರು.

ಈ ವರದಿಗಳಲ್ಲಿ ಎರಡು ಪದಗಳು ದೊಡ್ಡ ಕೆಲಸ ಮಾಡಿದವು. ಒಂದು, ಅಸಾಧ್ಯ. ಇರುಳಪ್ಪ ಪಿಳ್ಳೆಯವರಿಗೆ ಅದರ ಅರ್ಥ ಬೊಕ್ಕಸದಲ್ಲಿ ಹಣವಿಲ್ಲ ಎಂದು. ಕಾಲ್ಡ್‌ವೆಲ್ಲರ ಕಾಲಕ್ಕೆ ಬೆಟ್ಟ ಕೊರೆಯುವ ಸಾಧನವಿಲ್ಲ ಎಂದು. 1850ರಲ್ಲಿ ಮಲೇರಿಯಕ್ಕೆ ತಡೆಯಿಲ್ಲ ಎಂದು. ಪದ ಒಂದೇ, ಅದರ ಒಳಗಿನ ಕಾರಣ ಬೇರೆ ಬೇರೆ. ಇನ್ನೊಂದು ಪದ ವ್ಯರ್ಥ. ಪೆರಿಯಾರ್ ನೀರು ಅರಬ್ಬೀ ಸಮುದ್ರಕ್ಕೆ ವ್ಯರ್ಥವಾಗಿ ಹರಿಯುತ್ತಿದೆ ಎಂದು ಪೂರ್ವದ ಕಡೆಯವರು ಹೇಳುತ್ತ ಬಂದರು. ಇಂದಿಗೂ ನಾವು ಯಾವ ನದಿಯ ಬಗ್ಗೆಯಾದರೂ ಈ ಮಾತನ್ನು ಸಲೀಸಾಗಿ ಆಡುತ್ತೇವೆ. ಆದರೆ ಆ ನದಿಯ ದಂಡೆಯಲ್ಲಿ ಕಾಡಿದೆ, ಆನೆಗಳಿವೆ, ಊರುಗಳಿವೆ. ನದಿ ಕಡಲು ಸೇರುವಲ್ಲಿ ಮೀನುಗಾರರಿದ್ದಾರೆ. ಅವರಿಗೆ ಅದು ವ್ಯರ್ಥವಲ್ಲ. ನಮಗೆ ಸಿಕ್ಕದ್ದೆಲ್ಲ ವ್ಯರ್ಥ ಎಂದು ಬರೆದರೆ ಅದು ಅಳತೆಯಲ್ಲ, ಆಸೆ. ಬರದ ನಾಡಿನವರಿಗೆ ಆ ಆಸೆ ಇದ್ದದ್ದು ತಪ್ಪಲ್ಲ ಎಂಬುದನ್ನೂ ಹೇಳಬೇಕು.

ಏಕೆಂದರೆ ಬರ ಬಂದಿತು. 1876ರಿಂದ 1878ರವರೆಗೆ ಮದ್ರಾಸ್ ಪ್ರಾಂತವನ್ನೂ ಮೈಸೂರನ್ನೂ ಕಾಡಿದ ಮಹಾಕ್ಷಾಮದ ಬಗ್ಗೆ ನಿಮ್ಮ ಅಜ್ಜ ಅಜ್ಜಿಯರ ಕಾಲದವರು ಧಾತು ವರ್ಷದ ಬರ ಎಂದು ಹೇಳುತ್ತಿದ್ದರು. ಅದರಲ್ಲಿ ಎಷ್ಟು ಜನ ಸತ್ತರು? 55 ಲಕ್ಷ ಎನ್ನುವವರಿದ್ದಾರೆ. 80 ಲಕ್ಷ ದಾಟಿತು ಎನ್ನುವವರೂ ಇದ್ದಾರೆ. ಇಷ್ಟು ಅಂತರ ಏಕೆ? ಊರು ಬಿಟ್ಟು ಅನ್ನ ಹುಡುಕಿ ಹೊರಟು ದಾರಿಯಲ್ಲಿ ಬಿದ್ದವರನ್ನು ಯಾವ ಊರಿನ ಲೆಕ್ಕದಲ್ಲಿ ಬರೆಯುವುದು? ಬರೆಯಬೇಕಾದವನೇ ಊರಿನಲ್ಲಿ ಇಲ್ಲದಿದ್ದರೆ? ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷ ಜನರಿದ್ದರು. 1881ರಲ್ಲಿ ಸುಮಾರು 42 ಲಕ್ಷ. ಎಂಟು ಲಕ್ಷದ ಈ ಇಳಿಕೆಯೇ ಸತ್ತವರ ಸಂಖ್ಯೆಯಲ್ಲ. ಬರವಿಲ್ಲದಿದ್ದರೆ ಆ ಹತ್ತು ವರ್ಷಗಳಲ್ಲಿ ಜನಸಂಖ್ಯೆ ಏರಬೇಕಾಗಿತ್ತು. ಆ ಏರಿಕೆಯೂ ಈ ನಷ್ಟದಲ್ಲಿ ಸೇರುತ್ತದೆ. ಬರ ಬಂದಾಗ ಸ್ಮಿತ್‌ರ ಯೋಜನೆ ಮೂಲೆಗೆ ಸರಿಯಿತು. ಬರ ಕಳೆದ ಮೇಲೆ ಅದರ ಅಗತ್ಯ ಎಲ್ಲರಿಗೂ ಕಂಡಿತು.

1882ರಲ್ಲಿ ಯೋಜನೆಯನ್ನು ಹೊಸದಾಗಿ ಸಿದ್ಧಪಡಿಸುವ ಹೊಣೆ ಪೆನ್ನಿಕ್ವಿಕ್‌ರ ಪಾಲಿಗೆ ಬಂದಿತು. ಹಿಂದಿನವರು ಮಣ್ಣಿನ ಒಡ್ಡನ್ನು ಯೋಚಿಸಿದ್ದರು. ಪೆನ್ನಿಕ್ವಿಕ್ ಕಲ್ಲು, ಸುಣ್ಣ, ಸುರ್ಕಿ ಸೇರಿಸಿದ ಗಟ್ಟಿ ಕಟ್ಟಡವೇ ಬೇಕೆಂದರು. ಸುರ್ಕಿ ಎಂದರೆ ಸುಟ್ಟ ಇಟ್ಟಿಗೆಯ ಪುಡಿ. ಸಿಮೆಂಟು ಬಳಕೆಗೆ ಬರುವ ಮೊದಲು ಸುಣ್ಣಕ್ಕೆ ಅದನ್ನು ಬೆರೆಸಿದರೆ ನೀರಿನಲ್ಲೂ ಗಟ್ಟಿಯಾಗುತ್ತಿತ್ತು. ಯೋಜನೆ ಹೀಗಿತ್ತು: ಪಶ್ಚಿಮಕ್ಕೆ ಹರಿಯುವ ಪೆರಿಯಾರ್‌ಗೆ ಅಡ್ಡವಾಗಿ ಅಣೆ ಕಟ್ಟುವುದು, ನಿಂತ ನೀರನ್ನು ಬೆಟ್ಟದೊಳಗೆ ಮೈಲಿಗೂ ಉದ್ದದ ಸುರಂಗ ಕೊರೆದು ಪೂರ್ವಕ್ಕೆ ಬಿಡುವುದು, ಅದು ಕಂಬಂ ಕಣಿವೆಯಲ್ಲಿ ಇಳಿದು ವೈಗೈ ನದಿಯನ್ನು ಸೇರಿ ಮದುರೆಯ ಕಡೆಗೆ ಸಾಗುವುದು. ನದಿಯ ಮುಖವನ್ನೇ ತಿರುಗಿಸುವ ಕೆಲಸ.

ಅಣೆ ಕಟ್ಟಬೇಕಾದ ಜಾಗ ತಿರುವಾಂಕೂರು ಸಂಸ್ಥಾನದ್ದು. ಆದ್ದರಿಂದ 1886ರ ಅಕ್ಟೋಬರ್ 29ರಂದು ತಿರುವಾಂಕೂರಿಗೂ ಮದ್ರಾಸ್ ಸರ್ಕಾರಕ್ಕೂ ಗುತ್ತಿಗೆಯ ಕರಾರು ಆಯಿತು. ಅವಧಿ 999 ವರ್ಷ, ಆ ವರ್ಷದ ಜನವರಿ 1ರಿಂದ. ಸಾವಿರಕ್ಕೆ ಒಂದು ಕಡಿಮೆ ಏಕೆ ಎಂದು ತರಗತಿಯಲ್ಲಿ ಮಕ್ಕಳು ತಪ್ಪದೆ ಕೇಳುತ್ತಾರೆ. ಅದು ಇಂಗ್ಲಿಷರ ದೀರ್ಘ ಗುತ್ತಿಗೆಗಳಲ್ಲಿ ರೂಢಿಯಾಗಿದ್ದ ಸಂಖ್ಯೆ. ಕೊಟ್ಟದ್ದು ಮಾರಾಟವಲ್ಲ, ಗುತ್ತಿಗೆ ಎಂದು ಕಾಗದದಲ್ಲಿ ಉಳಿಯಬೇಕು, ಕೈಯಲ್ಲಿ ಮಾತ್ರ ಶಾಶ್ವತವಾಗಿ ಇರಬೇಕು! ಬಾಡಿಗೆ ಎಕರೆಗೆ 5 ರೂಪಾಯಿಯಂತೆ 8,000 ಎಕರೆಗೆ ವರ್ಷಕ್ಕೆ 40,000 ರೂಪಾಯಿ. ಇಂದಿಗೂ ಐದೇ ರೂಪಾಯಿ ಕೊಡುತ್ತಿದ್ದಾರೆ ಎಂದು ಹೇಳುವವರನ್ನು ನೀವು ಕಾಣಬಹುದು. ಅದು ನಿಜವಲ್ಲ. 1970ರಲ್ಲಿ ಬಾಡಿಗೆಯನ್ನು ಎಕರೆಗೆ 30 ರೂಪಾಯಿಗೆ ಏರಿಸಲಾಯಿತು. ಆ ನೀರಿನಿಂದ ತೆಗೆಯುವ ವಿದ್ಯುತ್ತಿಗೆ ಬೇರೆ ಹಣವೆಂದೂ ಗೊತ್ತಾಯಿತು. ಮೂವತ್ತು ರೂಪಾಯಿಯೂ ಕಡಿಮೆಯೆಂದು ಒಬ್ಬರು ವಾದಿಸಬಹುದು, ನ್ಯಾಯವೆಂದು ಇನ್ನೊಬ್ಬರು ವಾದಿಸಬಹುದು. ಆದರೆ ವಾದ ಸರಿಯಾದ ಸಂಖ್ಯೆಯಿಂದ ಆರಂಭವಾಗಬೇಕಲ್ಲವೆ?

1887ರಲ್ಲಿ ಕೆಲಸ ಆರಂಭವಾಯಿತು. ದಟ್ಟವಾದ ಕಾಡು, ರಸ್ತೆಯಿಲ್ಲ, ಹತ್ತಿರದಲ್ಲಿ ಊರಿಲ್ಲ. ಕಂಬಂ ಕಣಿವೆಯ ಕಡೆಯಿಂದ ಎತ್ತಿನ ಗಾಡಿಗಳಲ್ಲಿ, ತಂತಿಹಗ್ಗದ ದಾರಿಯಲ್ಲಿ ಸಾಮಾನುಗಳು ಬೆಟ್ಟ ಏರಿದವು. ಮದ್ರಾಸ್ ಪಯೋನಿಯರ್ ಪಡೆಯ ಸಿಪಾಯಿಗಳು ಬಂದರು. ಕೊಚ್ಚಿಯಿಂದ ಪೋರ್ಚುಗೀಸ್ ಮೂಲದ ಬಡಗಿಗಳು ಬಂದರು. ಬಯಲುಸೀಮೆಯಿಂದ ಕೂಲಿಗಳು ಬಂದರು. ಎಲ್ಲಕ್ಕಿಂತ ಕಷ್ಟವಾದದ್ದು ತಳಪಾಯ. ಹರಿಯುವ ನದಿಯನ್ನು ಬದಿಗೆ ತಿರುಗಿಸಿದ ಹೊರತು ತಳಪಾಯ ಹಾಕುವಂತಿಲ್ಲ. ನದಿಯನ್ನು ತಿರುಗಿಸಲು ತಾತ್ಕಾಲಿಕ ಒಡ್ಡು ಬೇಕು. ಆ ಒಡ್ಡನ್ನು ಪ್ರವಾಹ ಕೊಚ್ಚಿಕೊಂಡು ಹೋಗುತ್ತಿತ್ತು. ಮತ್ತೆ ಕಟ್ಟುವರು, ಮತ್ತೆ ಹೋಗುವುದು. ನದಿ ಯಾವಾಗ ಎಷ್ಟು ಏರುತ್ತದೆ ಎಂಬುದಕ್ಕೆ ಹಲವು ವರ್ಷಗಳ ಅಳತೆ ಬೇಕು. ಮನುಷ್ಯರೇ ವಾಸಿಸದ ಕಾಡಿನಲ್ಲಿ ಅಂಥ ಅಳತೆಗಳನ್ನು ಬರೆದಿಟ್ಟವರು ಯಾರು? ಅಂದಾಜಿನ ಮೇಲೆ ಹೋದ ಎಂಜಿನಿಯರನಿಗೆ ನದಿಯೇ ಪಾಠ ಕಲಿಸಿತು ಎಂದು ನನಗೆ ಅನ್ನಿಸುತ್ತದೆ.

ಈ ಘಟ್ಟದಲ್ಲಿ ಒಂದು ಕಥೆ ಬರುತ್ತದೆ. ಪದೇ ಪದೇ ಕೊಚ್ಚಿಹೋದ ಕೆಲಸಕ್ಕೆ ಸರ್ಕಾರ ಹಣ ನಿಲ್ಲಿಸಿತು, ಪೆನ್ನಿಕ್ವಿಕ್ ಇಂಗ್ಲೆಂಡಿಗೆ ಹೋಗಿ ತಮ್ಮ ಆಸ್ತಿಯನ್ನೂ ಹೆಂಡತಿಯ ಒಡವೆಗಳನ್ನೂ ಮಾರಿ ಆ ಹಣದಿಂದ ಅಣೆಕಟ್ಟು ಕಟ್ಟಿದರು ಎಂದು. ತೇನಿ, ಮದುರೆಯ ಕಡೆ ಇದನ್ನು ನಂಬದವರು ಕಡಿಮೆ. ನಾವು ಇದನ್ನು ಲೆಕ್ಕಕ್ಕೆ ಹಿಡಿಯೋಣ. ಯೋಜನೆಗೆ ಸುಮಾರು 80 ಲಕ್ಷ ರೂಪಾಯಿ ಖರ್ಚಾಯಿತು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಕಾಲುವೆಗಳನ್ನೆಲ್ಲ ಸೇರಿಸಿದವರು ಇನ್ನೂ ಹೆಚ್ಚು ಹೇಳುತ್ತಾರೆ. ಖರ್ಚು ಎಂಬ ಪದದೊಳಗೆ ಏನೇನು ಸೇರಿದೆ ಎಂಬುದೇ ಆ ವ್ಯತ್ಯಾಸಕ್ಕೆ ಕಾರಣ. ಇರಲಿ, 80 ಲಕ್ಷವನ್ನೇ ಇಟ್ಟುಕೊಳ್ಳೋಣ. ಆ ಶತಮಾನದ ಕೊನೆಯ ಹೊತ್ತಿಗೆ ಒಂದು ಸವರನ್ ಚಿನ್ನದ ನಾಣ್ಯಕ್ಕೆ 15 ರೂಪಾಯಿ. ಹಾಗಾದರೆ 80 ಲಕ್ಷಕ್ಕೆ ಐದು ಲಕ್ಷದ ಮೂವತ್ತಮೂರು ಸಾವಿರ ಸವರನ್ ಬೇಕು. ಒಂದು ಸವರನ್ ಎಂದರೆ ಸುಮಾರು ಎಂಟು ಗ್ರಾಂ. ಒಟ್ಟು ನಾಲ್ಕು ಟನ್ನಿಗೂ ಹೆಚ್ಚು ಚಿನ್ನ! ನೂರರಲ್ಲಿ ಒಂದು ಪಾಲು ಮಾತ್ರ ಒಡವೆಯಿಂದ ಬಂದಿತೆಂದರೂ 5,333 ಸವರನ್, ಅಂದರೆ ನಲವತ್ತು ಕಿಲೋಗ್ರಾಮಿಗೂ ಹೆಚ್ಚು. ಸಂಬಳಕ್ಕೆ ದುಡಿಯುವ ಸರ್ಕಾರಿ ಎಂಜಿನಿಯರ್ ಒಬ್ಬರ ಪತ್ನಿಯ ಪೆಟ್ಟಿಗೆಯಲ್ಲಿ ಅಷ್ಟು ಒಡವೆ ಇರಲು ಸಾಧ್ಯವೆ?

ಕೆಲಸ ನಿಲ್ಲಬಾರದೆಂದು ಅವರು ಒಂದು ವಾರದ ಕೂಲಿಯನ್ನು ಕೈಯಿಂದ ಕೊಟ್ಟಿರಬಾರದೇ ಎಂದು ನೀವು ಕೇಳಬಹುದು. ಕೊಟ್ಟಿರಬಹುದು. ಆದರೆ ಅದಕ್ಕೆ ಕಾಗದ ಪತ್ರದ ಆಧಾರ ಬೇಕು. ಅಣೆಕಟ್ಟನ್ನು ಕಟ್ಟಿಸಿದ್ದು ಮದ್ರಾಸ್ ಸರ್ಕಾರದ ಹಣ, ಎಂದರೆ ರೈತರು ಕೊಟ್ಟ ಕಂದಾಯವೂ ಸೇರಿದ ಹಣ. ಒಡವೆಯ ಕಥೆಯನ್ನು ಒಪ್ಪಿದರೆ ಆ ರೈತರ ಪಾಲನ್ನು ಮರೆತಂತಾಗುತ್ತದೆ. ಪೆನ್ನಿಕ್ವಿಕ್‌ರ ದೊಡ್ಡತನಕ್ಕೆ ಒಡವೆಯ ಸಾಕ್ಷಿ ಬೇಕಾಗಿಲ್ಲ. ಕೊಚ್ಚಿಹೋದ ಒಡ್ಡನ್ನು ಎಂಟು ವರ್ಷ ಮತ್ತೆ ಮತ್ತೆ ಕಟ್ಟಿಸಿದ್ದೇ ಸಾಕು.

ಕಟ್ಟಿದರು ಎಂಬ ಕ್ರಿಯಾಪದವನ್ನೂ ಒಮ್ಮೆ ನೋಡಿ. ಪೆನ್ನಿಕ್ವಿಕ್ ಅಣೆಕಟ್ಟು ಕಟ್ಟಿದರು ಎಂದು ನಾವು ಬರೆಯುತ್ತೇವೆ, ಈ ಪಾಠದಲ್ಲಿಯೂ ಹೆಚ್ಚುಕಡಿಮೆ ಹಾಗೇ ಬರೆದಿದೆ. ಕಲ್ಲು ಹೊತ್ತವರು ಸಾವಿರಾರು ಮಂದಿ. ಕಟ್ಟೆಯ ಉತ್ತರಕ್ಕೆ ಕಾಡಿನಲ್ಲಿ ಒಂದು ಸ್ಮಶಾನವಿದೆ. ಕೆಲಸದ ವರ್ಷಗಳಲ್ಲಿ ರೋಗದಿಂದ 483 ಜನ ಸತ್ತರು ಎಂಬ ಸಂಖ್ಯೆ ಪುಸ್ತಕಗಳಲ್ಲಿ ಸಿಗುತ್ತದೆ. 480 ಎಂದಿದ್ದರೆ ನಾವು ಸುಮಾರು ಎಂದುಕೊಳ್ಳುತ್ತಿದ್ದೆವು. ಕೊನೆಯ ಆ ಮೂರು ಅದಕ್ಕೆ ಖಚಿತತೆಯ ಕಳೆ ಕೊಡುತ್ತದೆ. ಆದರೆ ಜ್ವರ ಹಿಡಿದು ಬೆಟ್ಟ ಇಳಿದು, ಮನೆ ಸೇರಿ, ಒಂದು ತಿಂಗಳ ನಂತರ ತೀರಿಕೊಂಡ ಕೂಲಿಯನ್ನು ಯಾರು ಎಣಿಸಬೇಕು? ಖಚಿತವಾದ ಸಂಖ್ಯೆ ಪೂರ್ಣವಾದ ಸಂಖ್ಯೆಯೇ ಆಗಬೇಕೆಂದಿಲ್ಲ. ಆ 483ರಲ್ಲಿ ಎಷ್ಟು ಹೆಸರುಗಳು ನಮಗೆ ಗೊತ್ತು ಎಂದು ಕೇಳಿದರಂತೂ ಬಾಯಿ ಕಟ್ಟುತ್ತದೆ.

1895ರ ಅಕ್ಟೋಬರ್ 10ರಂದು ಮದ್ರಾಸಿನ ಗವರ್ನರ್ ಲಾರ್ಡ್ ವೆನ್‌ಲಾಕ್ ನೀರಿನ ಬಾಗಿಲನ್ನು ತೆರೆದರು. ಪಶ್ಚಿಮದ ನೀರು ಪೂರ್ವಕ್ಕೆ ಹರಿಯಿತು.

ಈ ಅಣೆಕಟ್ಟು ಎಷ್ಟು ಎತ್ತರ? ಸರಳವಾದ ಪ್ರಶ್ನೆಯಂತೆ ಕಾಣುತ್ತದೆ. 155 ಅಡಿ ಎಂದು ಒಬ್ಬರು ಹೇಳುತ್ತಾರೆ. 176 ಎಂದು ಇನ್ನೊಬ್ಬರು. 158 ಎಂದು ಮೂರನೆಯವರು. ಮೂವರೂ ಸರಿ. ನದಿಯ ತಳದಿಂದ ಕಟ್ಟೆಯ ನೆತ್ತಿಗೆ 155 ಅಡಿ. ಮೇಲಿನ ಮೋಟುಗೋಡೆ ಸೇರಿಸಿದರೆ 158. ತಳಪಾಯದ ಅತ್ಯಂತ ಆಳದಿಂದ ಅಳೆದರೆ 176. ಸೊನ್ನೆಯನ್ನು ಎಲ್ಲಿ ಇಟ್ಟಿರಿ ಎಂಬುದರ ಮೇಲೆ ಉತ್ತರ ನಿಂತಿದೆ.

ಮಳೆಗಾಲದಲ್ಲಿ ಪತ್ರಿಕೆಗಳು ನೀರಿನ ಮಟ್ಟವನ್ನು ಪ್ರತಿದಿನ ಪ್ರಕಟಿಸುತ್ತವೆ. ಮೊದಲು ಪೂರ್ಣಮಟ್ಟ 152 ಅಡಿ ಇತ್ತು. 1979ರಲ್ಲಿ ಕೇರಳದಲ್ಲಿ ಅಣೆಕಟ್ಟಿನ ಬಗ್ಗೆ ಭಯ ಹುಟ್ಟಿದಾಗ 136 ಅಡಿಗೆ ಇಳಿಸಿದರು. ಕಟ್ಟೆಯನ್ನು ಬಲಪಡಿಸಿದ ಮೇಲೆ 142 ಅಡಿಯವರೆಗೆ ನಿಲ್ಲಿಸಬಹುದೆಂದು ಸರ್ವೋಚ್ಚ ನ್ಯಾಯಾಲಯ 2006ರಲ್ಲಿಯೂ ಮತ್ತೆ 2014ರಲ್ಲಿಯೂ ತೀರ್ಪು ಕೊಟ್ಟಿತು. ಈಗ ಒಂದು ದಿನ ಮಟ್ಟ 120 ಅಡಿ ಎಂದು ಓದಿದಿರಿ ಎಂದುಕೊಳ್ಳಿ. 142ರಲ್ಲಿ 120, ಅಂದರೆ ನೂರಕ್ಕೆ 84 ಭಾಗ ತುಂಬಿದೆ, ಬೆಳೆಗೆ ಚಿಂತೆಯಿಲ್ಲ ಎಂದು ನೀವು ಸಮಾಧಾನಪಡುತ್ತೀರಿ. ಆದರೆ ಪೂರ್ವಕ್ಕೆ ನೀರು ಹೊರಡುವ ದಾರಿಯ ಹೊಸ್ತಿಲು ಇರುವುದು 104 ಅಡಿಯಲ್ಲಿ. ಅದಕ್ಕಿಂತ ಕೆಳಗಿನ ನೀರು ಜಲಾಶಯದಲ್ಲಿಯೇ ಉಳಿಯುತ್ತದೆ, ಕಂಬಂ ಕಣಿವೆಗೆ ಒಂದು ಹನಿಯೂ ಬಾರದು. ಆದ್ದರಿಂದ ಎಣಿಸಬೇಕಾದದ್ದು 104ರ ಮೇಲಿನದನ್ನು. 142ರವರೆಗೆ ಇರುವುದು 38 ಅಡಿ, ಅದರಲ್ಲಿ ತುಂಬಿರುವುದು 16 ಅಡಿ. ನೂರಕ್ಕೆ 42 ಭಾಗ! ಅದೂ ಎತ್ತರದ ಲೆಕ್ಕ. ಕಣಿವೆ ಮೇಲೆ ಹೋದಂತೆ ಅಗಲವಾಗುತ್ತದೆಯಾದ್ದರಿಂದ ನೀರಿನ ಪ್ರಮಾಣ ಇನ್ನೂ ಕಡಿಮೆ. ಬಾಣಲೆಯಲ್ಲಿ ಕೆಳಗಿನ ಎರಡು ಅಂಗುಲ ನೀರಿಗೂ ಮೇಲಿನ ಎರಡು ಅಂಗುಲ ನೀರಿಗೂ ಎಷ್ಟು ವ್ಯತ್ಯಾಸವಿದೆ ಎಂದು ಅಡುಗೆಮನೆಯಲ್ಲಿ ನೀವೇ ಅಳೆದು ನೋಡಿ.

ಟಿ.ಎಂ.ಸಿ. ಎಂಬುದೂ ಹೀಗೆ. ಅದು ಸಾವಿರ ದಶಲಕ್ಷ ಘನ ಅಡಿ, ನಮ್ಮ ಲೆಕ್ಕದಲ್ಲಿ ನೂರು ಕೋಟಿ ಘನ ಅಡಿ ನೀರು. ಕ್ಯೂಸೆಕ್ ಎಂದರೆ ಬೇರೆ, ಪ್ರತಿ ಸೆಕೆಂಡಿಗೆ ಒಂದು ಘನ ಅಡಿಯಂತೆ ಹರಿಯುವ ವೇಗ. ಮೊದಲನೆಯದು ಕೊಡದಲ್ಲಿರುವ ನೀರು, ಎರಡನೆಯದು ನಲ್ಲಿಯ ಧಾರೆ. 300 ಕ್ಯೂಸೆಕ್ ನೀರು ಬಿಟ್ಟರು ಎಂದಷ್ಟೇ ಹೇಳಿದರೆ ಅರ್ಧ ಸುದ್ದಿ. ಎಷ್ಟು ದಿನ ಬಿಟ್ಟರು ಎಂಬುದು ಉಳಿದರ್ಧ. ಆ ವೇಗದಲ್ಲಿ ಒಂದು ಟಿ.ಎಂ.ಸಿ. ಖಾಲಿಯಾಗಲು ಸುಮಾರು 39 ದಿನ ಬೇಕು.

ಅಣೆಕಟ್ಟಿನ ವಯಸ್ಸಿನ ವಿಷಯದಲ್ಲಿ ಮಾತ್ರ ನಾನು ಹೆಚ್ಚು ಹೇಳುವುದಿಲ್ಲ. ನೂರು ವರ್ಷ ದಾಟಿದೆ, ಆದ್ದರಿಂದ ಅಪಾಯ ಎಂದು ಕೆಲವರು. ನೂರು ವರ್ಷ ನಿಂತಿದೆ, ಆದ್ದರಿಂದ ಭದ್ರ ಎಂದು ಕೆಲವರು. ಒಂದೇ ಸಂಖ್ಯೆಯಿಂದ ಎರಡು ವಿರುದ್ಧ ತೀರ್ಮಾನ. ಕಲ್ಲು, ಗಾರೆ, ಸೋರುವ ನೀರಿನ ಪ್ರಮಾಣ, ಒಳಗೆ ಇಳಿಸಿದ ಉಕ್ಕಿನ ಹಗ್ಗಗಳು, ಹಿಂಬದಿಗೆ ಕೊಟ್ಟ ಕಾಂಕ್ರೀಟಿನ ಆಸರೆ ಇವನ್ನು ಪರೀಕ್ಷಿಸಿ ನೋಡಬೇಕೇ ಹೊರತು ಹುಟ್ಟಿದ ವರ್ಷವನ್ನಲ್ಲ. ಕೆಳಗೆ ಇಡುಕ್ಕಿಯಲ್ಲಿ ಮಳೆಯ ರಾತ್ರಿ ನಿದ್ದೆಗೆಡುವ ತಾಯಂದಿರ ಭಯ ನಿಜವಾದದ್ದು, ಇತ್ತ ನಾಟಿ ಮಾಡಿ ಕಾಲುವೆಯತ್ತ ನೋಡುವ ರೈತನ ಕಾತರವೂ ನಿಜವಾದದ್ದು. ಎರಡಕ್ಕೂ ಬೇಕಾದದ್ದು ಹೊಸ ಅಳತೆ.

1896ರಲ್ಲಿ ಪೆನ್ನಿಕ್ವಿಕ್ ನಿವೃತ್ತರಾಗಿ ಇಂಗ್ಲೆಂಡಿಗೆ ಮರಳಿದರು. ಭಾರತಕ್ಕೆ ಎಂಜಿನಿಯರುಗಳನ್ನು ತಯಾರುಮಾಡುತ್ತಿದ್ದ ಕೂಪರ್ಸ್ ಹಿಲ್ ಕಾಲೇಜಿನ ಮುಖ್ಯಸ್ಥರಾಗಿ 1899ರವರೆಗೆ ಕೆಲಸ ಮಾಡಿದರು. ಪೆರಿಯಾರ್ ಕೆಲಸಕ್ಕಾಗಿ ಅಲ್ಲಿನ ಎಂಜಿನಿಯರುಗಳ ಸಂಸ್ಥೆ ಟೆಲ್‌ಫರ್ಡ್ ಪದಕ ನೀಡಿತು. 1893ರ ಪ್ರವಾಹದಲ್ಲಿ ನಲುಗಿದ ಆಸ್ಟ್ರೇಲಿಯದ ಬ್ರಿಸ್ಬೇನ್ ನಗರದವರು ನದಿಯನ್ನು ಹೇಗೆ ತಡೆಯಬೇಕೆಂದು ಸಲಹೆ ಕೇಳಿದಾಗ, 1899ರಲ್ಲಿ ಅಲ್ಲಿಗೂ ಹೋಗಿ ವರದಿ ಬರೆದುಕೊಟ್ಟರು. ಒಡ್ಡುಗಳು ಕೊಚ್ಚಿಹೋದದ್ದನ್ನು ಕಣ್ಣಾರೆ ಕಂಡವರು ಪ್ರವಾಹದ ಬಗ್ಗೆ ಸಲಹೆ ಕೊಡಲು ತಕ್ಕವರೇ ಸರಿ.

1911ರ ಮಾರ್ಚ್ 9ರಂದು ಇಂಗ್ಲೆಂಡಿನ ಕ್ಯಾಂಬರ್ಲಿಯಲ್ಲಿ ಪೆನ್ನಿಕ್ವಿಕ್ ತೀರಿಕೊಂಡರು. ಹತ್ತಿರದ ಫ್ರಿಮ್ಲಿಯ ಚರ್ಚಿನ ಅಂಗಳದಲ್ಲಿ ಅವರ ಸಮಾಧಿಯಿದೆ. ಈ ತಾರೀಖು ನೂರಹತ್ತು ವರ್ಷಗಳ ನಂತರ ಒಂದು ವಿವಾದವನ್ನು ತೀರಿಸಿತು. 2021ರಲ್ಲಿ ಮದುರೆಯಲ್ಲಿ ದೊಡ್ಡ ಗ್ರಂಥಾಲಯಕ್ಕೆ ಜಾಗ ಗೊತ್ತುಮಾಡಿದಾಗ, ಅಲ್ಲಿದ್ದ ಹಳೆಯ ಕಟ್ಟಡ ಪೆನ್ನಿಕ್ವಿಕ್ ವಾಸವಾಗಿದ್ದ ಮನೆ, ಕೆಡವಬಾರದು ಎಂಬ ಕೂಗು ಎದ್ದಿತು. ಜಿಲ್ಲಾ ಆಡಳಿತ ದಾಖಲೆಗಳನ್ನು ತೆಗೆದು ನೋಡಿತು. ಕಟ್ಟಡದ ಕೆಲಸ 1912ರಲ್ಲಿ ಆರಂಭವಾಗಿ 1913ರಲ್ಲಿ ಮುಗಿದಿತ್ತು. 1911ರಲ್ಲಿ ತೀರಿಕೊಂಡವರು ಆ ಮನೆಯಲ್ಲಿ ವಾಸಿಸುವುದು ಹೇಗೆ? ಕೂಗಿದವರ ಪ್ರೀತಿ ಸುಳ್ಳಲ್ಲ. ಅವರು ಎರಡು ತಾರೀಖುಗಳನ್ನು ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ.

ಪೆನ್ನಿಕ್ವಿಕ್‌ರ ನೆನಪಿಗೆ ತೇನಿ ಜಿಲ್ಲೆಯ ಲೋಯರ್ ಕ್ಯಾಂಪಿನಲ್ಲಿ 2013ರ ಜನವರಿ 15ರಂದು ಮಣಿಮಂಟಪ ತೆರೆಯಲಾಯಿತು. ತೇನಿಯ ಬಸ್ ನಿಲ್ದಾಣಕ್ಕೆ ಅವರ ಹೆಸರಿದೆ. 2022ರಲ್ಲಿ ತಮಿಳುನಾಡು ಸರ್ಕಾರ ಕ್ಯಾಂಬರ್ಲಿಯಲ್ಲಿಯೇ ಅವರ ಪ್ರತಿಮೆ ಸ್ಥಾಪಿಸಿತು. ಪೊಂಗಲ್ ಹಬ್ಬದ ದಿನಗಳಲ್ಲಿಯೇ ಅವರ ಹುಟ್ಟುಹಬ್ಬವೂ ಬರುವುದರಿಂದ ಪಾಲಾರ್‌ಪಟ್ಟಿಯಂಥ ಊರುಗಳಲ್ಲಿ ರೈತರು ಅವರ ಹೆಸರಿನಲ್ಲಿ ಪೊಂಗಲ್ ಬೇಯಿಸುತ್ತಾರೆ.

ಮಳೆ ಸಕಾಲದಲ್ಲಿ ಬಂದ ವರ್ಷ ಜೂನ್ 1ರಂದು ಕಂಬಂ ಕಣಿವೆಯ ಮೊದಲ ಬೆಳೆಗೆ ನೀರು ಬಿಡುತ್ತಾರೆ. ಉತ್ತಮಪಾಳ್ಯಂ ತಾಲ್ಲೂಕಿನಲ್ಲಿ 11,807 ಎಕರೆ, ತೇನಿ ತಾಲ್ಲೂಕಿನಲ್ಲಿ 2,412, ಬೋಡಿಮೆಟ್ಟು ಸೇರಿರುವ ಬೋಡಿನಾಯಕನೂರು ತಾಲ್ಲೂಕಿನಲ್ಲಿ 488. ಕೂಡಿ ನೋಡಿ, 14,707 ಬರುತ್ತದೆ. ಇದು ಎರಡು ಬೆಳೆಯ ಜಮೀನು. ವರ್ಷದ ಕೊನೆಗೆ ಇದೇ ಕಣಿವೆಯಲ್ಲಿ 29,414 ಎಕರೆ ಬೆಳೆಯಿತು ಎಂದು ಯಾರಾದರೂ ಬರೆದರೆ ಗಾಬರಿಯಾಗಬೇಡಿ. ಹೊಲ ಹಿಗ್ಗಿಲ್ಲ, ಅದನ್ನು ಎರಡು ಸಲ ಎಣಿಸಿದ್ದಾರೆ.